ಕಾರ್ಡಿನ ಬಡ್ಡಿ ಏರಿದಾಗ ಬೆಳೆಗಾರರು ಮಾಡಬೇಕಾದ್ದು



ತೋಟದವರ ಆದಾಯ ವರ್ಷಕ್ಕೊಮ್ಮೆ. ಕ್ರೆಡಿಟ್ ಕಾರ್ಡಿನ ಬಿಲ್ಲು ತಿಂಗಳಿಗೊಮ್ಮೆ. ಮುಂಗಾರಿನಲ್ಲಿ ಮೈಲುತುತ್ತ, ಗೊಬ್ಬರ, ಕೂಲಿ ಬಟವಾಡೆಗೆಂದು ಮಾಡಿದ ಕಾರ್ಡಿನ ಸಾಲ, ಕಾಫಿ ಅಡಿಕೆಯ ಹಣ ಕೈಸೇರುವವರೆಗೆ ಆರೇಳು ತಿಂಗಳು ಬಡ್ಡಿ ತಿನ್ನುತ್ತದೆ. 1998ರಲ್ಲಿ ಜಾರಿಗೆ ಬಂದ ಕಿಸಾನ್ ಕ್ರೆಡಿಟ್ ಕಾರ್ಡ್ ಬೆಳೆಸಾಲದ ವ್ಯವಸ್ಥೆ. ಅದರ ಬಡ್ಡಿಯೇ ಬೇರೆ. ನಾವಿಲ್ಲಿ ಹೇಳುತ್ತಿರುವುದು ಅಂಗಡಿಯಲ್ಲಿ ಉಜ್ಜುವ ಕಾರ್ಡಿನ ಮಾತು.

ಲೆಕ್ಕ ನೋಡೋಣ. ತಿಂಗಳಿಗೆ ಶೇ. 3.5ರ ದರದಲ್ಲಿ 50,000 ರೂ. ಬಾಕಿಗೆ ಬಡ್ಡಿ 1,750 ರೂ. ಅದರ ಮೇಲೆ ಶೇ. 18ರ ಜಿ.ಎಸ್.ಟಿ. 315 ರೂ. ಬಾಕಿಯ ಶೇ. 5ರಂತೆ 2,500 ರೂ. ಕನಿಷ್ಠ ಮೊತ್ತ ಕಟ್ಟಿದರೆ ಅಸಲಿಗೆ ಸಲ್ಲುವುದು 435 ರೂ. ಮಾತ್ರ. ದರ ಶೇ. 3.75ಕ್ಕೆ ಏರಿದರೆ ಅದೂ 287 ರೂ. 50 ಪೈಸೆಗೆ ಇಳಿಯುತ್ತದೆ.

ಕೋರ್ಟು ಕಾಪಾಡೀತೆಂದು ಕೂರುವಂತಿಲ್ಲ. ವರ್ಷಕ್ಕೆ ಶೇ. 30 ಮೀರಿದ ಕಾರ್ಡು ಬಡ್ಡಿ ಅನ್ಯಾಯವೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. ಆ ತೀರ್ಪನ್ನು ಸುಪ್ರೀಂ ಕೋರ್ಟು 2024ರ ಡಿಸೆಂಬರ್ 20ರಂದು ರದ್ದುಪಡಿಸಿತು. ಆದುದರಿಂದ ಬ್ಯಾಂಕಿನೊಡನೆ ನಾವೇ ಮಾತಾಡಬೇಕು. ಅದೂ ಕಂತು ತಪ್ಪುವ ಮೊದಲೇ. ತಪ್ಪಿದ ಮೇಲೆ ದಂಡವೂ ಸೇರಿ, ನಮ್ಮ ಮಾತಿನ ತೂಕ ಕಡಿಮೆಯಾಗುತ್ತದೆ.

ಮಾತುಕತೆಗೆ ಹೋಗುವವರು ಇವನ್ನು ಗಮನಿಸುವುದು ಒಳ್ಳೆಯದು:

1. ರಿಸರ್ವ್ ಬ್ಯಾಂಕಿನ ನಿರ್ದೇಶನದಂತೆ, ಶುಲ್ಕ ಬದಲಿಸಲು ಕನಿಷ್ಠ ಒಂದು ತಿಂಗಳ ಮುನ್ಸೂಚನೆ ಬೇಕು. ಹಿಂದಿನ ದಿನಾಂಕದಿಂದ ಹೇರುವಂತಿಲ್ಲ. ಬದಲಾವಣೆ ಒಪ್ಪಿಗೆಯಾಗದಿದ್ದರೆ ಬಾಕಿ ತೀರಿಸಿ, ಬೇರೆ ಶುಲ್ಕವಿಲ್ಲದೆ ಕಾರ್ಡು ಹಿಂದಿರುಗಿಸಬಹುದು.

2. "ಬಡ್ಡಿ ಇಳಿಸಿ" ಎಂದಷ್ಟೇ ಕೇಳಿದರೆ ಸಾಲದು. ತಿಂಗಳಿಗೆ ಇಷ್ಟು ಕಟ್ಟುತ್ತೇವೆ, ಕೊಯ್ಲಿನ ನಂತರ ಇಂಥ ತಿಂಗಳಲ್ಲಿ ಉಳಿದದ್ದು ತೀರಿಸುತ್ತೇವೆ ಎಂದು ಮೊತ್ತ, ದಿನಾಂಕ ಸಮೇತ ಬರೆದುಕೊಡಿ. ಬಾಕಿಯನ್ನು ಕಡಿಮೆ ಬಡ್ಡಿಯ ಮಾಸಿಕ ಕಂತಾಗಿಸಲು ಕೇಳಿ. ಅಸಲೆಷ್ಟು, ಬಡ್ಡಿಯೆಷ್ಟು ಎಂದು ಬೇರೆ ಬೇರೆಯಾಗಿ ತಿಳಿದುಕೊಳ್ಳಿ.

3. "ಇಷ್ಟು ಕೊಟ್ಟು ಮುಗಿಸಿ" ಎಂಬ ರಾಜಿಗೆ ಆತುರಪಡಬೇಡಿ. ಸಿಬಿಲ್ ದಾಖಲೆಯಲ್ಲಿ ಅದು ಪೂರ್ತಿ ತೀರಿಸಿದ ಸಾಲವೆಂದು ಕಾಣುವುದಿಲ್ಲ. ಮುಂದೆ ಸಾಲ ಕೇಳುವಾಗ ತೊಡಕಾಗುತ್ತದೆ.

4. ಫೋನಿನಲ್ಲಿ ಹೇಳಿದ್ದನ್ನು ನಂಬಿ ಹಣ ಕಟ್ಟಬೇಡಿ. ಒಪ್ಪಂದ ಬರಹದಲ್ಲಿರಲಿ.

5. ದೂರಿಗೆ 30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಬಹುದು. ಇದಕ್ಕೆ ಶುಲ್ಕವಿಲ್ಲ.

ಮನೆಯಲ್ಲಿ ಒಣಗಿದ ಅಡಿಕೆಯೋ ಕಾಫಿಯೋ ಇದ್ದು, ಧಾರಣೆಗಾಗಿ ಕಾಯುತ್ತಿರುವವರು ಇನ್ನೊಂದನ್ನು ಯೋಚಿಸಬೇಕು. ವರ್ಷಕ್ಕೆ ಶೇ. 42ರ ಬಡ್ಡಿ ಕಟ್ಟುತ್ತಾ ಮಾಲು ಹಿಡಿದಿಡುವುದು ಲಾಭದ ವ್ಯಾಪಾರವೇ? ಸ್ವಲ್ಪ ಮಾಲು ಮಾರಿಯೋ, ಈಡಿನ ಸಾಲದ ದರ ವಿಚಾರಿಸಿ ತಾಳೆ ನೋಡಿಯೋ ಕಾರ್ಡಿನ ಬಾಕಿ ಮೊದಲು ತೀರಿಸುವುದು ಲೇಸು.

ಪತ್ರ ಬರೆಯಲು ನೆರವು ಬೇಕಾದ ಸದಸ್ಯರು ಕಾರ್ಡಿನ ಮೂರು ತಿಂಗಳ ಬಿಲ್ಲುಗಳೊಂದಿಗೆ ಸಂಘದ ಕಚೇರಿಗೆ ಬರಬಹುದು. ಕಾರ್ಡಿನ ಗುಪ್ತಸಂಖ್ಯೆಯನ್ನು ಮಾತ್ರ ಯಾರಿಗೂ, ನಮಗೂ, ಹೇಳಬೇಡಿ.