ಬಟ್ಟಲಿನ ಲೆಕ್ಕ, ತಕ್ಕಡಿಯ ಲೆಕ್ಕ

ಬಾಣಂತನಕ್ಕೆಂದು ತಂಗಿ ಧಾರವಾಡದ ನಮ್ಮ ಮನೆಗೆ ಬಂದಿದ್ದಳು. ಅಂಟಿನುಂಡೆ ಕಟ್ಟುವ ಕೆಲಸ ಈ ಸಲ ನನ್ನ ಪಾಲಿಗೆ ಬಂತು. ಪ್ರತಿ ಬಾಣಂತನದಲ್ಲೂ ಅದನ್ನು ಮಾಡುತ್ತಿದ್ದ ಅಜ್ಜಿ ಈಗಿಲ್ಲ. ಅವಳ ಹಳೆಯ ವಹಿಯಿದೆ, ಹಿತ್ತಾಳೆಯ ಬಟ್ಟಲಿದೆ. ವಹಿಯಲ್ಲಿ ‘ಉತ್ತತ್ತಿ ಪುಡಿ 2 ಬಟ್ಟಲು, ಕೊಬ್ಬರಿ ತುರಿ 2 ಬಟ್ಟಲು, ಒಣದ್ರಾಕ್ಷಿ 1 ಬಟ್ಟಲು...’ ಎಂದಿತ್ತು.

ಅಂಗಡಿಯಲ್ಲಿ ಬಟ್ಟಲಿನ ಲೆಕ್ಕ ನಡೆಯುವುದಿಲ್ಲವಲ್ಲ! ಬಟ್ಟಲಿಗೆ ಹೆಚ್ಚುಕಡಿಮೆ ಕಾಲು ಲೀಟರ್ ನೀರು ಹಿಡಿಯುತ್ತದೆ, ಹಾಗಾದರೆ ಒಂದು ಬಟ್ಟಲು ಎಂದರೆ ಕಾಲು ಕೆಜಿ ಎಂದುಕೊಂಡು ಎಲ್ಲವನ್ನೂ ತೂಗಿಸಿ ತಂದೆ. ಬೆಲ್ಲವನ್ನು ಮಾತ್ರ ಮನೆಯ ಡಬ್ಬಿಯಿಂದ ಬಟ್ಟಲಲ್ಲೇ ಅಳೆದೆ. ಉಂಡೆ ಕಟ್ಟಲು ಕೂತರೆ, ಮುಷ್ಟಿ ಬಿಚ್ಚಿದೊಡನೆ ಎಲ್ಲ ಪುಡಿಪುಡಿ!

ಏಳನೇ ತರಗತಿಯ ಮಗಳು ಪಕ್ಕದಲ್ಲೇ ಇದ್ದಳು. “ಅವ್ವಾ, ಕಾಲು ಕೆಜಿ ತೂಗೂದು ನೀರು. ಕೊಬ್ಬರಿ ತುರಿನೂ ಅಷ್ಟ ತೂಗ್ತದೇನು?” ಎಂದಳು.

ತಪ್ಪು ಅಲ್ಲೇ ಇತ್ತು. ಬಟ್ಟಲು ಅಳೆಯುವುದು ಜಾಗವನ್ನು, ತಕ್ಕಡಿ ಅಳೆಯುವುದು ತೂಕವನ್ನು. ನೀರು ಬಟ್ಟಲನ್ನು ಸಂದಿಲ್ಲದಂತೆ ತುಂಬುತ್ತದೆ. ಒಣಹಣ್ಣುಗಳ ನಡುವೆ ಗಾಳಿ ಉಳಿಯುತ್ತದೆ. ಹಗುರಾದ ಕೊಬ್ಬರಿ ತುರಿಯಲ್ಲಂತೂ ಗಾಳಿಯೇ ಹೆಚ್ಚು. ಎರಡು ಬಟ್ಟಲು ತುರಿಗೆ ಸುಮಾರು 160 ಗ್ರಾಂ ಸಾಕಿತ್ತು. ನಾನು ಹಾಕಿದ್ದು ಅರ್ಧ ಕೆಜಿ!

ಅಳತೆಯ ಕಪ್ 240 ಮಿಲಿಲೀಟರಿನದಾದರೆ, ಒಂದು ಕಪ್ಪಿನ ತೂಕ ಹೆಚ್ಚುಕಡಿಮೆ ಹೀಗಿರುತ್ತದೆ:

ಒಣದ್ರಾಕ್ಷಿ – 150 ಗ್ರಾಂ
ಹೆಚ್ಚಿದ ಖರ್ಜೂರ – 150 ಗ್ರಾಂ
ಒಣ ಅಂಜೂರ – 150 ಗ್ರಾಂ
ಹೋಳು ಮಾಡಿದ ಜರ್ದಾಳು – 130 ಗ್ರಾಂ
ಬಾದಾಮಿ – 140 ಗ್ರಾಂ
ಗೋಡಂಬಿ – 135 ಗ್ರಾಂ
ಒಣಕೊಬ್ಬರಿ ತುರಿ – 80 ಗ್ರಾಂ

ಕೊಬ್ಬರಿಯೊಂದನ್ನು ಬಿಟ್ಟರೆ ‘ಕಪ್ಪಿಗೆ 150 ಗ್ರಾಂ’ ಎಂದು ನೆನಪಿಟ್ಟುಕೊಂಡರೂ ಮನೆಯಡುಗೆಗೆ ನಡೆಯುತ್ತದೆ. ಆ ಲೆಕ್ಕದಲ್ಲಿ 50 ಗ್ರಾಂ ಎಂದರೆ ಕಪ್ಪಿನ ಮೂರನೇ ಒಂದು ಭಾಗ, 100 ಗ್ರಾಂ ಎಂದರೆ ಮೂರನೇ ಎರಡು ಭಾಗ. ಅರ್ಧ ಕೆಜಿ ಪೊಟ್ಟಣದಲ್ಲಿ ಮೂರು ಕಪ್ಪಿಗಿಂತ ತುಸು ಹೆಚ್ಚೇ ಸಿಗುತ್ತದೆ. ಪಾಯಸಕ್ಕೆ ಹಾಕುವ ಒಂದು ದೊಡ್ಡ ಚಮಚ ದ್ರಾಕ್ಷಿ 9–10 ಗ್ರಾಂ ಬರುತ್ತದೆ.

ಕೆಲವು ಎಚ್ಚರಿಕೆಗಳೂ ಬೇಕು. ಒತ್ತಿ ತುಂಬಿದರೆ ಒಂದೇ ಕಪ್ಪಿಗೆ 165 ಗ್ರಾಂ ದ್ರಾಕ್ಷಿ ಹಿಡಿದೀತು. ಆದ್ದರಿಂದ ಸಡಿಲವಾಗಿ ತುಂಬಿ, ಮೇಲ್ಭಾಗ ಸಮ ಮಾಡಿ. ಉತ್ತತ್ತಿಯನ್ನು ಬೀಜ ತೆಗೆದ ಮೇಲೆ ತೂಗಿ. ನೆನೆಸಿದ ದ್ರಾಕ್ಷಿ ನೀರು ಕುಡಿದು ಉಬ್ಬುವುದರಿಂದ ನೆನೆಸುವ ಮೊದಲೇ ಅಳೆಯಿರಿ. ‘ಒಂದು ಕಪ್ ಹೆಚ್ಚಿದ ಖರ್ಜೂರ’ ಎಂದಿದ್ದರೆ ಹೆಚ್ಚಿದ ನಂತರವೇ ಅಳೆಯಬೇಕು. ಕಪ್ಪುಗಳೂ ಎಲ್ಲ ಒಂದೇ ಅಲ್ಲ. ಕೆಲವು 250 ಮಿಲಿಲೀಟರಿನವು.

ಮಕ್ಕಳೇ, ಗಾಳಿ ಎಲ್ಲಿ ಅಡಗಿದೆ ಎಂದು ನೀವೇ ನೋಡಬಹುದು. ಗಾಜಿನ ಲೋಟದ ತುಂಬ ತೊಳೆದ ದ್ರಾಕ್ಷಿ ಹಾಕಿ. ‘ತುಂಬಿತು’ ಎನಿಸಿದ ಮೇಲೆ ಕುಡಿಯುವ ನೀರನ್ನು ಚಮಚದಿಂದ ಎಣಿಸುತ್ತಾ ಹಾಕಿ. ಲೋಟ ತುಳುಕುವಷ್ಟರಲ್ಲಿ ಎಷ್ಟು ಚಮಚ ಹಿಡಿಯಿತು? ಅಷ್ಟು ಜಾಗದಲ್ಲಿ ಮೊದಲು ಇದ್ದದ್ದು ಗಾಳಿ! ದ್ರಾಕ್ಷಿಯನ್ನು ಚೆಲ್ಲಬೇಡಿ, ಅದೇ ನೀರಿನಲ್ಲಿ ನೆನೆಸಿ ತಿನ್ನಿ.

ನಮ್ಮ ಅಂಟಿನುಂಡೆಯೂ ಹಾಳಾಗಲಿಲ್ಲ. ಇನ್ನಷ್ಟು ಬೆಲ್ಲದ ಪಾಕ ಮಾಡಿ ಬೆರೆಸಿದ ಮೇಲೆ ಉಂಡೆ ಗಟ್ಟಿಯಾಗಿ ನಿಂತಿತು. ಎರಡು ಡಬ್ಬಿ ತುಂಬಿ, ನೆರೆಮನೆಗೂ ಹೋಯಿತು. ಮರುದಿನ ಮಗಳು ಅಜ್ಜಿಯ ಬಟ್ಟಲಿನಿಂದ ಒಂದೊಂದನ್ನೂ ಅಳೆದು, ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದಳು. ಅಜ್ಜಿ ಬರೆದ ‘ಬಟ್ಟಲು’ಗಳ ಪಕ್ಕದಲ್ಲಿ ಈಗ ಅವಳ ಪೆನ್ಸಿಲಿನ ಗ್ರಾಂಗಳಿವೆ. ನಿಮ್ಮ ಮನೆಯಲ್ಲೂ ಅಂಥ ಬಟ್ಟಲೊಂದು ಇದ್ದೀತು. ಅಳೆಯುತ್ತಿದ್ದ ಕೈ ಇರುವಾಗಲೇ ಒಮ್ಮೆ ತೂಗಿ ಬರೆದಿಡಿ.