ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ: ಮಲಯಾಳ ಓದಿಗೆ ಪರದೆಯ ನೆರವು

ವಿದ್ಯಾನಗರ: ಇಲ್ಲಿನ ಸಿವಿಲ್ ಸ್ಟೇಷನ್‌ಗೆ ಬರುವ ಕನ್ನಡಿಗರಲ್ಲಿ ಮಲಯಾಳ ಮಾತನಾಡಲು ಬಾರದವರು ಕಡಿಮೆ. ಆದರೆ ಅರ್ಜಿ ನಮೂನೆ ಕೈಗೆ ಸಿಕ್ಕಿತೋ, "ಇದರಲ್ಲಿ ಎಂತ ಬರೆದದ್ದು, ಸ್ವಲ್ಪ ಓದಿ ಹೇಳ್ತೀರಾ?" ಎಂದು ಪಕ್ಕದವರ ಮುಖ ನೋಡುವವರೇ ಹೆಚ್ಚು. ಕನ್ನಡ ಮಾಧ್ಯಮದ ಎಷ್ಟೋ ಮಕ್ಕಳ ಪಾಡೂ ಇದೇ.

ಮಲಯಾಳ ಕಲಿಕೆ ಕಡ್ಡಾಯಗೊಳಿಸುವ ಕಾನೂನು 2017ರಲ್ಲಿ ಬಂದಾಗ ಇಲ್ಲಿಯೇ ಜಿಲ್ಲಾಧಿಕಾರಿ ಕಚೇರಿ ಎದುರು ಕನ್ನಡಿಗರು ಪ್ರತಿಭಟಿಸಿದ್ದರು. ಹೇರಿಕೆಗೆ ವಿರೋಧ ನ್ಯಾಯವೇ. ಬೇಕಾದಾಗ ಓದಲು ಬರಬೇಕೆಂಬುದು ಬೇರೆ ಮಾತು.

ಎರಡೂ ಭಾಷೆಗಳ ಅಕ್ಷರಮಾಲೆಯ ಕ್ರಮ ಹೆಚ್ಚುಕಡಿಮೆ ಒಂದೇ. ತೊಡಕಿರುವುದು ರೂಪದಲ್ಲಿ. ನಮ್ಮ ‘ನ್’, ‘ಲ್’ಗಳಿಗೆ ಅಲ್ಲಿ ಚಿಲ್ಲು ಎಂಬ ಬೇರೆಯೇ ಅಕ್ಷರಗಳುಂಟು. ‘ನನ್ನ’ ಎಂಬರ್ಥದ ಪದವನ್ನು ಅಕ್ಷರ ಹಿಡಿದು ಓದಿದರೆ ‘ಎನ್ಱೆ’, ಬಾಯಲ್ಲಿ ಬರುವುದು ‘ಎನ್ಟೆ’! ಸಾಲದ್ದಕ್ಕೆ 1971ರ ಲಿಪಿ ಸುಧಾರಣೆಯಲ್ಲಿ ಉಕಾರದ ಗುರುತು ಅಕ್ಷರದಿಂದ ಬಿಟ್ಟು ಪಕ್ಕಕ್ಕೆ ಬಂತು. ಹಳೆ ಲಿಪಿಯ ಫಾಂಟುಗಳಲ್ಲಿ ಅದು ಅಂಟಿಕೊಂಡೇ ಇದೆ. ಒಂದು ಕಡೆ ಕಂಡ ‘ಕು’ ಇನ್ನೊಂದು ಕಡೆ ಬೇರೆಯಾಗಿ ಕಂಡರೆ ಮಕ್ಕಳು ಗಲಿಬಿಲಿಗೊಳ್ಳದೆ ಇದ್ದಾರೆಯೇ?

ಪರದೆ ಉಪಯೋಗಕ್ಕೆ ಬರುವುದು ಇಲ್ಲಿ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ‘ಸ್ಟೋರಿವೀವರ್’ನಲ್ಲಿ ಮಕ್ಕಳ ಚಿತ್ರಕತೆಗಳು ಉಚಿತ. ಒಂದೇ ಕತೆ ಕನ್ನಡದಲ್ಲೂ ಮಲಯಾಳದಲ್ಲೂ ಸಿಗುವುದುಂಟು. ಮೊದಲು ಕನ್ನಡದಲ್ಲಿ ಓದಿಸಿ, ಅದೇ ಚಿತ್ರಗಳ ಜತೆ ಮಲಯಾಳ ಓದಿಸಿದರೆ ಅರ್ಥಕ್ಕಾಗಿ ತಡಕಾಡಬೇಕಿಲ್ಲ, ಕಣ್ಣು ಅಕ್ಷರದ ಮೇಲೆ ನಿಲ್ಲುತ್ತದೆ.

ಇನ್ನೊಂದು ದಾರಿ ಹಾಡು. ಟಿವಿಯ ಚಿತ್ರಗೀತೆಗೆ ಅದೇ ಭಾಷೆಯ ಅಡಿಬರಹ ಕೊಟ್ಟು, ಹಾಡಿನೊಂದಿಗೆ ಪದದ ಬಣ್ಣ ಬದಲಿಸುತ್ತಾ ಓದು ಕಲಿಸುವ ಉಪಾಯ ಅಹಮದಾಬಾದ್ ಐಐಎಂನ ಬ್ರಿಜ್ ಕೊಠಾರಿಯವರಿಗೆ ಹೊಳೆದದ್ದು 1996ರಲ್ಲಿ. ಕಾಸರಗೋಡಿನ ಮಕ್ಕಳಿಗೆ ಮಲಯಾಳ ಚಿತ್ರಗೀತೆ ಯಾರೂ ಕಲಿಸಬೇಕಿಲ್ಲ, ಬಾಯಿಪಾಠವೇ ಉಂಟು. ಅಡಿಬರಹ ಇಂಗ್ಲಿಷ್‌ನದ್ದಾದರೆ ಮಾತ್ರ ಪ್ರಯೋಜನವಿಲ್ಲ. ಮಲಯಾಳವನ್ನು ಕನ್ನಡ ಲಿಪಿಗೆ ತಿರುಗಿಸುವ ‘ಅಕ್ಷರಮುಖ’ದಂಥ ಸಾಧನಗಳೂ ಇವೆ, ತುರ್ತಿಗೆ ಆದೀತು, ಆದರೆ ಅದನ್ನೇ ನಂಬಿದರೆ ಹೊಸ ಲಿಪಿ ಕಣ್ಣಿಗೆ ಬೀಳುವುದೇ ಇಲ್ಲ.

ಸಲಕರಣೆಯ ಕೊರತೆ ಮೊದಲಿನಷ್ಟಿಲ್ಲ. 2018ರಲ್ಲಿ ಚಾಲನೆ ಪಡೆದ ಕೇರಳದ ಹೈಟೆಕ್ ಶಾಲಾ ಯೋಜನೆ 8ರಿಂದ 12ನೇ ತರಗತಿವರೆಗಿನ 45 ಸಾವಿರ ಕೊಠಡಿಗಳಿಗೆ ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಒದಗಿಸುವಂಥದ್ದು.

ಇದೇ ಉಪಾಯ ಕನ್ನಡಕ್ಕೂ ಬೇಕಾಗಿದೆ. ಇಂಗ್ಲಿಷ್ ಮಾಧ್ಯಮಕ್ಕೆ ಹೋಗಿ ಮನೆಯಲ್ಲಿ ಮಾತ್ರ ಕನ್ನಡ ಆಡುವ ಮಕ್ಕಳು ಗಡಿಯ ಎರಡೂ ಕಡೆ ಇದ್ದಾರೆ. ಅಜ್ಜಿ ಹಾಡುವ ಭಜನೆಯ ಸಾಲುಗಳನ್ನು ಮೊಬೈಲಿನಲ್ಲಿ ದೊಡ್ಡಕ್ಷರದಲ್ಲಿ ತೆರೆದು, ಅವರು ಹಾಡುತ್ತಿದ್ದಂತೆ ಮಗುವಿನ ಬೆರಳು ಸಾಲಿನ ಮೇಲೆ ಓಡಿಸಿದರೂ ಆಯಿತು.