ಪಾರ್ಕಿನ್ಸನ್ ಕಾಯಿಲೆ: ಹೆಜ್ಜೆಗೆ ಗೆರೆಯ ಆಸರೆ

ಮಳೆಗಾಲದಲ್ಲಿ ಅಂಗಳಕ್ಕೆ ಪಾಚಿ ಕಟ್ಟುವುದೂ, ಜಾರದಿರಲೆಂದು ನಾವು ಅಡಿಕೆ ಸೋಗೆ ಹಾಸುವುದೂ ಕಾಸರಗೋಡಿನ ಮನೆಮನೆಗಳಲ್ಲಿ ಇದ್ದದ್ದೇ. ಆದರೆ ಪಾರ್ಕಿನ್ಸನ್ ಕಾಯಿಲೆಯಿರುವ ಹಿರಿಯರು ಒಣಗಿದ ಚಾವಡಿಯಲ್ಲೂ ಬೀಳುತ್ತಾರೆ. ಹೊಸಿಲ ಬಳಿ ಬಂದಾಗ, ತಿರುಗುವಾಗ, ಪಾದ ನೆಲಕ್ಕೆ ಅಂಟಿದಂತಾಗುತ್ತದೆ; ಮೈ ಮುಂದಕ್ಕೆ ಹೋಗುತ್ತದೆ, ಕಾಲು ಬರುವುದಿಲ್ಲ. ಈ ಪ್ರಾಯದಲ್ಲಿ ಸೊಂಟದ ಮೂಳೆ ಮುರಿದರೆ ಹಾಸಿಗೆ ಹಿಡಿದಂತೆಯೇ.

1817ರಲ್ಲಿ ಲಂಡನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಬರೆದ ಪ್ರಬಂಧದಿಂದ ಈ ಕಾಯಿಲೆಗೆ ಆ ಹೆಸರು ಬಂತು. 1986ರಲ್ಲಿ ಮಂಗಳೂರಿಗೆ ಬಂದಿದ್ದ ದ್ವಿತೀಯ ಜಾನ್ ಪಾವ್ಲರನ್ನು ಮುಂದೆ ಇದೇ ಕಾಯಿಲೆ ಕಾಡಿದ್ದನ್ನು ನಮ್ಮ ಓದುಗರು ಬಲ್ಲರು. ಮಿದುಳಿನಲ್ಲಿ ಡೋಪಮೀನ್ ತಯಾರಿಸುವ ಕಣಗಳು ನಶಿಸುವುದೇ ಮೂಲ. ನಡೆಯುವುದು, ತಿರುಗುವುದು ಮುಂತಾಗಿ ನಾವು ಯೋಚಿಸದೆ ಮಾಡುವ ಕೆಲಸಗಳು ಇದರಿಂದ ಕೆಡುತ್ತವೆ. ಆದರೆ ಯೋಚಿಸಿ ಮಾಡುವ ದಾರಿ ಬಹುಮಟ್ಟಿಗೆ ಉಳಿದಿರುತ್ತದೆ. ವ್ಯಾಯಾಮದ ಗುಟ್ಟು ಇರುವುದು ಇಲ್ಲಿಯೇ.

ವರ್ಚುವಲ್ ರಿಯಾಲಿಟಿ ಎಂಬ ಹೊಸ ವ್ಯಾಯಾಮದ ಸುದ್ದಿ ಈಗ ಎಲ್ಲೆಡೆ ಇದೆ. ಪರದೆಯ ಮೇಲೋ ಕಣ್ಣಿಗೆ ಕಟ್ಟುವ ಪೆಟ್ಟಿಗೆಯಂಥ ಕನ್ನಡಕದಲ್ಲೋ ಕೃತಕ ದಾರಿಯೊಂದನ್ನು ತೋರಿಸಿ, ರೋಗಿಯನ್ನು ಅದರಲ್ಲಿ ನಡೆಸುವುದು ಇದರ ಕ್ರಮ. 2016ರಲ್ಲಿ ಲಾನ್ಸೆಟ್ ಪತ್ರಿಕೆಯಲ್ಲಿ ಒಂದು ದೊಡ್ಡ ಪರೀಕ್ಷೆಯ ವರದಿ ಬಂತು. ಇಸ್ರೇಲ್ ಮತ್ತು ಯುರೋಪಿನ ಐದು ಕೇಂದ್ರಗಳಲ್ಲಿ, ಪದೇ ಪದೇ ಬೀಳುತ್ತಿದ್ದ 302 ಹಿರಿಯರನ್ನು ಎರಡು ಪಂಗಡ ಮಾಡಿ, ವಾರಕ್ಕೆ ಮೂರು ಸಲದಂತೆ ಆರು ವಾರ ಟ್ರೆಡ್‌ಮಿಲ್ ಮೇಲೆ ನಡೆಸಿದರು. ಪಾರ್ಕಿನ್ಸನ್ ಇದ್ದವರೇ ಅವರಲ್ಲಿ ದೊಡ್ಡ ಗುಂಪು. ಒಂದು ಪಂಗಡದ ಮುಂದೆ ಪರದೆ ಇತ್ತು. ಅದರಲ್ಲಿ ಅವರ ಪಾದಗಳೇ ಕಾಣುತ್ತಿದ್ದವು, ಎದುರಿಗೆ ಅಡೆತಡೆಗಳು ಬರುತ್ತಿದ್ದವು, ದಾಟಬೇಕಿತ್ತು. ಮುಂದಿನ ಆರು ತಿಂಗಳಲ್ಲಿ ಆ ಪಂಗಡದವರು ಬೀಳುವುದು ಸರಾಸರಿ 12ರಿಂದ 6ಕ್ಕೆ ಇಳಿಯಿತು. ಬರಿದೇ ನಡೆದವರಲ್ಲಿ ಇಳಿಕೆ ಸ್ವಲ್ಪವೇ.

ಇದನ್ನು ಕೇಳಿ ಯಂತ್ರವೇ ಮದ್ದೆಂದು ಯಾರೂ ಭಾವಿಸಬಾರದು. ಅದೇ ವರ್ಷ ಕಾಕ್ರೇನ್ ಸಂಸ್ಥೆಯು 8 ಪರೀಕ್ಷೆಗಳನ್ನು ಒಟ್ಟಿಗೆ ತೂಗಿ ನೋಡಿತು. ಹೆಜ್ಜೆಯ ಉದ್ದ ತುಸು ಹೆಚ್ಚಿದ್ದು ಬಿಟ್ಟರೆ, ನಡಿಗೆಯಲ್ಲೂ ಸಮತೋಲದಲ್ಲೂ ಸಾಮಾನ್ಯ ಫಿಸಿಯೋಥೆರಪಿಗೂ ಇದಕ್ಕೂ ಹೆಚ್ಚಿನ ವ್ಯತ್ಯಾಸ ಅದಕ್ಕೆ ಕಾಣಲಿಲ್ಲ. ವಾರಕ್ಕೆ ಮೂರು ಸಲ ಮಂಗಳೂರಿಗೆ ಹೋಗಿ ಬರುವುದು ನಮ್ಮಲ್ಲಿ ಎಷ್ಟು ಮಂದಿಗೆ ಸಾಧ್ಯ? 2020ರಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಪಟ್ಟ ಪಾಡನ್ನು ನಾವಿನ್ನೂ ಮರೆತಿಲ್ಲ.

ಪರದೆ ಮಾಡುವ ಕೆಲಸವಾದರೂ ಏನು? ದಾಟಲು ಒಂದು ಗುರುತನ್ನು ಕಣ್ಣಿಗೆ ಕೊಡುತ್ತದೆ, ಮನಸ್ಸನ್ನು ಹೆಜ್ಜೆಯ ಮೇಲೆ ನಿಲ್ಲಿಸುತ್ತದೆ. ನೆಲದ ಮೇಲೆ ಅಡ್ಡಗೆರೆ ಎಳೆದರೆ ಕಟ್ಟಿಹೋದ ಕಾಲು ಏಳುತ್ತದೆಂದು ಪರ್ಡನ್ ಮಾರ್ಟಿನ್ ಎಂಬ ವೈದ್ಯರು 1967ರಷ್ಟು ಹಿಂದೆಯೇ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ. ಅಂಥ ಗೆರೆಗೆ ಒಂದು ಹಿಡಿ ಸುಣ್ಣ ಸಾಕು.

ಚಾವಡಿಯಲ್ಲಿ ಒಂದೊಂದು ಮೊಳದ ಅಂತರಕ್ಕೆ ಹತ್ತು ಗೆರೆ ಎಳೆಯಿರಿ. ಗೆರೆ ನಡೆಯುವ ದಿಕ್ಕಿಗೆ ಅಡ್ಡವಾಗಿರಬೇಕು. ಉದ್ದಕ್ಕೆ ಎಳೆದರೆ ಪ್ರಯೋಜನವಿಲ್ಲ. ಕೋಲು, ಸಲಾಕೆ ಇಡಬೇಡಿ, ಎಡವುತ್ತಾರೆ. ಪ್ರತಿ ಗೆರೆಯನ್ನೂ ಕಾಲೆತ್ತಿ ದಾಟಿ, ಹಿಮ್ಮಡಿ ಮೊದಲು ಊರಲಿ. ಒಬ್ಬರು ಪಕ್ಕದಲ್ಲಿ, ಅರ್ಧ ಹೆಜ್ಜೆ ಹಿಂದೆ ನಿಂತಿರಬೇಕು. ಎದುರು ನಿಂತು ಕೈಹಿಡಿದು ಎಳೆಯುವುದು ನಮ್ಮವರ ಪ್ರೀತಿಯ ತಪ್ಪು, ಇಬ್ಬರೂ ಬೀಳುತ್ತಾರೆ. ಒಂದು, ಎರಡು ಎಂದು ಲಯಬದ್ಧವಾಗಿ ಎಣಿಸಿದರೂ, ತಾಳಕ್ಕೆ ಸರಿಯಾಗಿ ಹಾಡಿದರೂ ಹೆಜ್ಜೆಗೆ ಬಲ. ಮಾತ್ರೆಯ ಪರಿಣಾಮ ಚೆನ್ನಾಗಿರುವ ಹೊತ್ತಿನಲ್ಲಿ ಮಾತ್ರ ಇದನ್ನು ಮಾಡಿಸಿ. ಕಾಯಿಲೆಯ ಆರಂಭದಲ್ಲಿರುವವರು ಕ್ರಮೇಣ ನಡೆಯುತ್ತಲೇ ಊರುಗಳ ಹೆಸರು ಹೇಳುವುದನ್ನೂ ಅಭ್ಯಾಸ ಮಾಡಬಹುದು. ಕಾಯಿಲೆ ಬಲಿತವರಿಗೆ ಇದು ಬೇಡ. ಅವರು ಮಾತನಾಡುವಾಗ ನಿಲ್ಲಲಿ, ನಡೆಯುವಾಗ ಸುಮ್ಮನಿರಲಿ. ಮೊದಲ ಸಲ ಫಿಸಿಯೋಥೆರಪಿಯವರಿಗೆ ತೋರಿಸಿಯೇ ಆರಂಭಿಸಿ.

ಗಲ್ಫಿನಿಂದ ಮಕ್ಕಳು ಅಂಥ ಕನ್ನಡಕ ತಂದಿದ್ದರೆ ಅದನ್ನು ಕಟ್ಟಿಕೊಂಡು ನಿಂತು ವ್ಯಾಯಾಮ ಮಾಡಿಸಬೇಡಿ. ಸುತ್ತಲಿನ ನೆಲ ಕಾಣುವುದಿಲ್ಲ, ತಲೆ ತಿರುಗುವುದೂ ಉಂಟು. ಇಲ್ಲದ್ದು ಕಣ್ಣಿಗೆ ಕಾಣುವ ತೊಂದರೆ ಇರುವವರಿಗೆ ವೈದ್ಯರನ್ನು ಕೇಳದೆ ಕೊಡಲೇಬಾರದು.

ಬೇಲಿಯ ಮೇಲಿನ ನಸುಗುನ್ನಿ ಬೀಜದ ವಿಷಯವನ್ನೂ ಕೃಷಿಕರಾದ ನಾವು ಹೇಳಬೇಕು. ಮಲೆಯಾಳದಲ್ಲಿ ನಾಯ್ಕುರಣ ಎನ್ನುವ ಈ ಬಳ್ಳಿಯ ಬೀಜದಲ್ಲಿ ಪಾರ್ಕಿನ್ಸನ್ ಮಾತ್ರೆಯಲ್ಲಿರುವ ಎಲ್-ಡೋಪಾ ನಿಜವಾಗಿಯೂ ಇದೆ. 1937ರಲ್ಲೇ ದಾಮೋದರನ್ ಮತ್ತು ರಾಮಸ್ವಾಮಿ ಅದನ್ನು ಬೇರ್ಪಡಿಸಿದ್ದರು. ಆದ್ದರಿಂದಲೇ ಮಾತ್ರೆ ನುಂಗುವವರು ಬೀಜವನ್ನೂ ಪುಡಿಮಾಡಿ ತಿಂದರೆ ಪ್ರಮಾಣ ಮೀರುತ್ತದೆ. ವೈದ್ಯರಿಗೆ ತಿಳಿಸದೆ ಬೇಡ.

ಸುಣ್ಣದ ಗೆರೆ ನಾಲ್ಕು ದಿನದಲ್ಲಿ ಅಳಿಸುತ್ತದೆ. ಅಭ್ಯಾಸ ಹಿಡಿಸಿತೆಂದು ಕಂಡರೆ ಬಿಳಿ ಪೇಂಟಿನಲ್ಲೇ ಎಳೆದುಬಿಡಿ. ಹೊಸಿಲ ಮುಂದೆ ಒಂದು ಗೆರೆ, ಬಚ್ಚಲಿನ ಬಾಗಿಲ ಮುಂದೆ ಇನ್ನೊಂದು, ಹಾಸಿಗೆಯಿಂದ ಇಳಿಯುವಲ್ಲಿ ಮತ್ತೊಂದು. ರಾತ್ರಿ ಅವು ಕಾಣುವಂತೆ ಒಂದು ಸಣ್ಣ ದೀಪವೂ ಉರಿಯುತ್ತಿರಲಿ.